ಮಗಳ ಇಂಗ್ಲಿಷ್ ಪರೀಕ್ಷೆಗೆ ತೆಗೆದುಕೊಂಡ ಆನ್‌ಲೈನ್ ಕೋರ್ಸ್: ಏಳು ತಿಂಗಳು ಬಳಸಿದ ಮೇಲೆ

ಮಗಳ ಪರೀಕ್ಷೆ ಹೋದ ವಾರ ಮುಗಿಯಿತು. ಕೋರ್ಸ್‌ನ ಚಂದಾ ಇನ್ನೂ ಎರಡು ವಾರ ಇದೆ. ನೆನಪು ಹಸಿರಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಕೋರ್ಸ್‌ಗಳು ತುಂಬಾ ಇವೆ. ಎಲ್ಲದರಲ್ಲೂ ಸುಮಾರು ಇವೇ ಐದು ವಸ್ತುಗಳು ಇರುತ್ತವೆ: ವಿಡಿಯೊ ಪಾಠ, ಸಾರಾಂಶದ ನೋಟ್ಸ್, ನೆನಪಿನ ಕಾರ್ಡ್, ಕಂಪ್ಯೂಟರ್ ಹಾಕುವ ಅಂಕ, ಮತ್ತೆ ಒಬ್ಬ ಟೀಚರ್ ಕೂತು ಓದಿ ತಿದ್ದಿ ಕಳಿಸುವ ಸೇವೆ. ನಾವು ಐದನ್ನೂ ಬಳಸಿದೆವು. ಕೊನೆಯದು ಮಾತ್ರ ನಿಜವಾಗಿ ಕೆಲಸಕ್ಕೆ ಬಂತು. ಯಾಕೆ ಅನ್ನುವುದನ್ನು ವಿವರವಾಗಿ ಹೇಳುತ್ತೇನೆ. ಮಕ್ಕಳನ್ನು ಇಂಥದಕ್ಕೆ ಸೇರಿಸುವ ಮೊದಲು ಯಾರಾದರೂ ನನಗೆ ಇದನ್ನು ಹೇಳಿದ್ದರೆ ಮೊದಲ ಎರಡು ತಿಂಗಳು ಉಳಿಯುತ್ತಿತ್ತು.

ಅವಳ ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಭಾಷೆ: ಮೊದಲು ಓದಿಲ್ಲದ ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಸಾರಾಂಶ ಬರೆಸುತ್ತಾರೆ, ಪತ್ರ, ಲೇಖನ, ಭಾಷಣ ಹೀಗೆ ಏನಾದರೂ ಬರೆಸುತ್ತಾರೆ. ಇನ್ನೊಂದು ಸಾಹಿತ್ಯ: ಒಂದು ನಾಟಕ, ಒಂದು ಕಾದಂಬರಿ, ಕೆಲವು ಪದ್ಯ, ಜೊತೆಗೆ ಎಂದೂ ನೋಡಿರದ ಒಂದು ಪದ್ಯ. ನಾಟಕ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್: ಸ್ಕಾಟ್ಲೆಂಡಿನ ಒಬ್ಬ ಸೇನಾನಾಯಕ ಹೆಂಡತಿಯ ಒತ್ತಾಯಕ್ಕೆ ರಾಜನನ್ನು ಕೊಂದು ತಾನೇ ರಾಜನಾಗುವ ಕಥೆ. ಇಲ್ಲಿ ಜಾಸ್ತಿ ಉದಾಹರಣೆ ಅದರಿಂದಲೇ ಕೊಡುತ್ತೇನೆ, ಯಾಕೆಂದರೆ ನಾವಿಬ್ಬರೂ ಜಾಸ್ತಿ ಹೊತ್ತು ಕಳೆದದ್ದು ಅದರ ಜೊತೆಗೇ.

ವಿಡಿಯೊ ಪಾಠಗಳಿಂದ ಶುರು ಮಾಡುತ್ತೇನೆ. ನೋಡಲು ಚೆನ್ನಾಗಿವೆ. ಹೇಳುವವರ ಇಂಗ್ಲಿಷ್ ಸ್ಪಷ್ಟವಾಗಿದೆ, ಒಂದೊಂದು ಹತ್ತು ನಿಮಿಷ, ಬೋರ್ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಮಗಳು ಒಂದು ಭಾನುವಾರ ಇಡೀ ನಾಟಕದ ವಿಡಿಯೊಗಳನ್ನು ಒಂದೇ ಸಮ ನೋಡಿ ಮುಗಿಸಿ, "ಅಮ್ಮ, ಮ್ಯಾಕ್‌ಬೆತ್ ಆಯ್ತು" ಅಂದಳು. ಸರಿ, ಎರಡನೇ ಅಂಕದಲ್ಲಿ ಕೊಲೆ ಆದ ಮೇಲೆ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆ ಅಂತ ಕೇಳಿದೆ. ಕಥೆ ಹೇಳಿದಳು. ಒಂದು ಮಾತೂ ನಾಟಕದ್ದು ಬರಲಿಲ್ಲ. ಪುಸ್ತಕವನ್ನು ಇನ್ನೂ ಸರಿಯಾಗಿ ತೆರೆದೇ ಇರಲಿಲ್ಲ. ತಪ್ಪು ಅವಳದಲ್ಲ. ಕಥೆ ಗೊತ್ತಾದ ಮೇಲೆ ನಾಟಕ ಗೊತ್ತಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಕಥೆ ಕೇಳುವುದೇ ಇಲ್ಲ. ಪ್ರಶ್ನೆ ಯಾವಾಗಲೂ "ಹೇಗೆ" ಅಂತ ಇರುತ್ತದೆ: ಇಲ್ಲಿ ಭಯವನ್ನು ಹೇಗೆ ತೋರಿಸಲಾಗಿದೆ, ಈ ಪಾತ್ರ ಹೇಗೆ ಬದಲಾಗುತ್ತದೆ. ಮಕ್ಕಳು "ಏನಾಯಿತು" ಅಂತ ಉತ್ತರ ಬರೆದು ಬರುತ್ತಾರೆ. ಎರಡು ಪುಟ ತುಂಬಿಸಿ ಬಂದರೂ ಅಂಕ ಬರದೇ ಇರುವುದಕ್ಕೆ ದೊಡ್ಡ ಕಾರಣ ಇದೇ.

ಸಾರಾಂಶದ ನೋಟ್ಸ್ ಇನ್ನೂ ಅಪಾಯ. ಒಂದು ಕಡೆ ಮ್ಯಾಕ್‌ಬೆತ್ ತನ್ನ ಗೆಳೆಯ ಬ್ಯಾಂಕೋನನ್ನು ಕೊಂದ ಅಂತ ಸುಮ್ನೆ ಒಂದು ಸಾಲು ಬರೆದಿದ್ದರು. ಓದಿದರೆ ಸಣ್ಣ ವಿಷಯ ಅನ್ನಿಸಬಹುದು. ನಾಟಕದಲ್ಲಿ ಅವನು ಕೊಲ್ಲುವುದಿಲ್ಲ, ಬೇರೆಯವರನ್ನು ಕಳಿಸಿ ಕೊಲ್ಲಿಸುತ್ತಾನೆ. ರಾಜ ಡಂಕನ್‌ನನ್ನು ಸ್ವಂತ ಕೈಯಿಂದ ಕೊಲ್ಲುತ್ತಾನೆ, ನಡುಗಿ ಹೋಗುತ್ತಾನೆ, ಹೆಂಡತಿ ಜೊತೆಗೆ ಇರುತ್ತಾಳೆ. ಬ್ಯಾಂಕೋನ ಹೊತ್ತಿಗೆ ಆಳುಗಳನ್ನು ಕಳಿಸುತ್ತಾನೆ, ಹೆಂಡತಿಗೆ ಹೇಳುವುದೂ ಇಲ್ಲ. ಆಮೇಲೆ ತನ್ನ ವಿರುದ್ಧ ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ, ಅದಕ್ಕೆ ಅನುಮಾನವನ್ನೇ ಪಡುವುದಿಲ್ಲ. ಆ ಮನುಷ್ಯ ಹಾಳಾಗುವ ದಾರಿ ಪೂರ್ತಿ ಈ ಮೂರು ಕೊಲೆಗಳ ನಡುವಿನ ವ್ಯತ್ಯಾಸದಲ್ಲೇ ಇದೆ, ಅಲ್ವಾ. "ಕೊಂದ" ಅಂತ ಒಂದೇ ಪದ ಹಾಕಿದರೆ ಉತ್ತರದ ಜೀವವೇ ಹೋಯಿತು. ನಾನು ಅವರಿಗೆ ಬರೆದೆ. ಹತ್ತು ದಿನಕ್ಕೆ ಧನ್ಯವಾದ ಅಂತ ಉತ್ತರ ಬಂತು. ಈಗಲೂ ಆ ಸಾಲು ಹಾಗೇ ಇದೆ, ನಿನ್ನೆ ಮತ್ತೆ ತೆರೆದು ನೋಡಿದೆ.

ನೋಟ್ಸ್‌ನಲ್ಲಿ ಹಿನ್ನೆಲೆ ಅಂತ ಒಂದು ಪುಟ ಇದೆ. ಅದರಲ್ಲಿ ಇರುವ ವಿಷಯ ಸರಿಯಾಗಿದೆ. 1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಇಂಗ್ಲೆಂಡಿಗೂ ರಾಜನಾದದ್ದು, ಅವನೇ 1597ರಲ್ಲಿ ಮಾಟದ ಬಗ್ಗೆ ಪುಸ್ತಕ ಬರೆದಿದ್ದದ್ದು, 1605ರಲ್ಲಿ ರಾಜನ ಸಮೇತ ಪಾರ್ಲಿಮೆಂಟನ್ನು ಸ್ಫೋಟಿಸುವ ಸಂಚು ಸಿಕ್ಕಿಬಿದ್ದದ್ದು. ಎಲ್ಲ ಇದೆ. ಆದರೆ ಇದನ್ನು ಎಲ್ಲಿ ಬಳಸಬೇಕು ಅನ್ನುವುದು ಇಲ್ಲ. ಹಾಗಾಗಿ ಮಗಳು ಪ್ರತಿ ಉತ್ತರದ ಮೊದಲಿಗೂ ಈ ಮೂರು ವಾಕ್ಯಗಳನ್ನು ಅಂಟಿಸುತ್ತಿದ್ದಳು. ಪ್ರಶ್ನೆ ಗೆಳೆತನದ ಬಗ್ಗೆ ಇದ್ದರೂ ಜೇಮ್ಸ್ ರಾಜ ಬರುತ್ತಿದ್ದ. ಇದು ಸರಿಯಲ್ಲ ಅಂತ ನನಗೆ ಅನ್ನಿಸಿತ್ತು, ಆದರೆ ಯಾಕೆ ಸರಿಯಲ್ಲ ಅಂತ ಹೇಳಲು ಬರಲಿಲ್ಲ. ಅದನ್ನು ಹೇಳಿದವರು ತಿದ್ದುವ ಮೇಡಂ.

ಆ ಸೇವೆ ಹೀಗಿದೆ. ಒಂದು ಉತ್ತರ ಬರೆದು ಫೋಟೊ ತೆಗೆದು ಕಳಿಸಬೇಕು. ಎರಡು ಮೂರು ದಿನದಲ್ಲಿ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಟಿಪ್ಪಣಿ ಬರೆದು ವಾಪಸ್ ಕಳಿಸುತ್ತಾರೆ. ಕೊನೆಯಲ್ಲಿ ಅಂಕ ಇರುತ್ತದೆ, ಆ ಅಂಕ ಯಾಕೆ ಅಂತ ಮಾರ್ಕಿಂಗ್ ಸ್ಕೀಮ್‌ನ (ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ಪಟ್ಟಿ) ಸಾಲು ತೋರಿಸಿ ಹೇಳುತ್ತಾರೆ. ನಮ್ಮ ಅದೃಷ್ಟಕ್ಕೆ ಬಹುತೇಕ ಒಬ್ಬರೇ ಮೇಡಂ ಸಿಕ್ಕರು. ಮೊದಲ ಉತ್ತರಕ್ಕೆ ಅವರು ಬರೆದದ್ದು ಎರಡೇ ಪ್ರಶ್ನೆ. ಒಂದು, "ಇದು ನಾಟಕದಲ್ಲಿ ಎಲ್ಲಿದೆ?" ಇನ್ನೊಂದು, "ಈ ಪದವೇ ಯಾಕೆ?" ಪುಟದ ತುಂಬ ಇವೆರಡೇ ಪ್ರಶ್ನೆಗಳು ಹನ್ನೊಂದು ಸಲ ಇದ್ದವು. ಮಗಳಿಗೆ ಕಣ್ಣಲ್ಲಿ ನೀರು ಬಂತು. ಎರಡು ದಿನ ಆ ಹಾಳೆಯನ್ನು ಮುಟ್ಟಲಿಲ್ಲ. ಮೂರನೇ ದಿನ ಪುಸ್ತಕ ತೆರೆದಳು, ನಿಜವಾಗಿ ತೆರೆದಳು, ಪೆನ್ಸಿಲ್ ಹಿಡಿದು.

"ಈ ಪದವೇ ಯಾಕೆ" ಅನ್ನುವುದಕ್ಕೆ ಒಂದು ಉದಾಹರಣೆ ಕೊಡಲೇಬೇಕು. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋಗುತ್ತದೆಯೇ ಅಂತ ಕೇಳುವ ಜಾಗ ಇದೆ. ಇಲ್ಲ, ಈ ಕೈಯೇ ಸಮುದ್ರವನ್ನು ಕೆಂಪಾಗಿಸುತ್ತದೆ ಅನ್ನುತ್ತಾನೆ. ಮಗಳು ಬರೆದಿದ್ದು, ಇಲ್ಲಿ ಉತ್ಪ್ರೇಕ್ಷೆ ಇದೆ, ಅವನ ಪಾಪಪ್ರಜ್ಞೆಯನ್ನು ಇದು ತೋರಿಸುತ್ತದೆ ಅಂತ. ತಪ್ಪೇನಿಲ್ಲ. ಎಲ್ಲ ನೋಟ್ಸ್‌ನಲ್ಲೂ ಇರುವ ಮಾತು. ಮೇಡಂ ಕೇಳಿದರು: ಕೆಂಪಾಗಿಸು ಅನ್ನುವುದಕ್ಕೆ ಅವನು ಮೊದಲು ಬಳಸಿದ ಪದ ಎಷ್ಟು ಉದ್ದ ಇದೆ ನೋಡು, ಅದಾದ ಮೇಲೆ ಬರುವ ಸಾಲಿನ ಪದಗಳು ಎಷ್ಟು ಗಿಡ್ಡ ಇವೆ ನೋಡು. ನೋಡಿದೆವು. ಮೊದಲು ಮಲ್ಟಿಟ್ಯೂಡಿನಸ್, ಇನ್‌ಕಾರ್ನಡೈನ್ ಅಂತ ಲ್ಯಾಟಿನ್ ಮೂಲದ ಎರಡು ಭಾರಿ ಪದ, ನಾಲಿಗೆ ಹೊರಳುವುದೇ ಕಷ್ಟ. ತಕ್ಷಣ ಗ್ರೀನ್, ಒನ್, ರೆಡ್ ಅಂತ ಒಂದೊಂದೇ ಪೆಟ್ಟಿನ ಪದ. ಮಗಳಿಗೆ ಇದನ್ನು ನಾನು ನಮ್ಮ ಭಾಷೆಯಲ್ಲಿ ಹೇಳಿದೆ: "ರಕ್ತವರ್ಣರಂಜಿತ" ಅಂತ ಶುರು ಮಾಡಿ "ಕೆಂಪು, ಬರೀ ಕೆಂಪು" ಅಂತ ಮುಗಿಸಿದ ಹಾಗೆ. ಸಂಸ್ಕೃತದ ಪದ ಮತ್ತು ಅಚ್ಚಗನ್ನಡದ ಪದ ಅಕ್ಕಪಕ್ಕ ಇಟ್ಟರೆ ಕಿವಿಗೆ ಏನಾಗುತ್ತದೆ ಅಂತ ನಮಗೆ ಗೊತ್ತು. ಇಂಗ್ಲಿಷ್‌ಗೂ ಹಾಗೇ ಎರಡು ಕಣಜ ಇವೆ, ಹಳೆಯ ಇಂಗ್ಲಿಷ್ ಪದಗಳದ್ದು ಒಂದು, ಲ್ಯಾಟಿನ್ ಮತ್ತು ಫ್ರೆಂಚಿನಿಂದ ಬಂದದ್ದು ಇನ್ನೊಂದು. ದೊಡ್ಡ ಮಾತಿನ ಹಿಂದೆ ಅಡಗಿಕೊಳ್ಳಲು ಹೊರಟವನು ಕೊನೆಗೆ ಸಣ್ಣ ಪದದಲ್ಲಿ ಸಿಕ್ಕಿಬೀಳುತ್ತಾನೆ. ಇದನ್ನು ಅವಳು ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದಳು. ಆ ನಾಲ್ಕು ಸಾಲಿಗೆ ಮೇಡಂ ಏನೂ ಟಿಪ್ಪಣಿ ಬರೆಯಲಿಲ್ಲ, ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದ್ದರು ಅಷ್ಟೇ.

ಅಲ್ಲಿಂದ ಅವಳು ಓದುವ ರೀತಿಯೇ ಬೇರೆ ಆಯಿತು. ಅದೇ ದೃಶ್ಯದಲ್ಲಿ ಹೆಂಡತಿ ಸ್ವಲ್ಪ ನೀರು ಹಾಕಿದರೆ ಸಾಕು ಅನ್ನುತ್ತಾಳೆ, ಕೊನೆಯ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಅವಳೇ ಕೈ ಉಜ್ಜಿಕೊಳ್ಳುತ್ತಾಳೆ. ಇದು ಎಲ್ಲರೂ ಬರೆಯುವ ಹೋಲಿಕೆ. ಮಗಳು ಇನ್ನೊಂದನ್ನು ಗಮನಿಸಿದಳು, ಯಾರೂ ಹೇಳಿಕೊಡದೆ: ನಾಟಕದುದ್ದಕ್ಕೂ ಪದ್ಯದಲ್ಲಿ ಮಾತಾಡಿದ ಆ ಹೆಂಗಸು ನಿದ್ದೆಯಲ್ಲಿ ನಡೆಯುವಾಗ ಗದ್ಯದಲ್ಲಿ ಮಾತಾಡುತ್ತಾಳೆ. ಸಾಲುಗಳ ಆಕಾರ ನೋಡಿದರೇ ಗೊತ್ತಾಗುತ್ತದೆ, ಬಲಗಡೆ ಅಂಚಿನವರೆಗೂ ಹೋಗುತ್ತವೆ. ಅವಳ ಮನಸ್ಸಿನ ಹಿಡಿತ ತಪ್ಪಿದಾಗ ಛಂದಸ್ಸಿನ ಹಿಡಿತವೂ ತಪ್ಪಿದೆ. ವಿಡಿಯೊ ನೋಡಿದರೆ ಇದು ಕಾಣಿಸುವುದೇ ಇಲ್ಲ, ಪುಟ ನೋಡಿದರೆ ಮಾತ್ರ ಕಾಣಿಸುತ್ತದೆ.

ಹಿನ್ನೆಲೆಯ ವಿಷಯಕ್ಕೂ ಮೇಡಂ ಒಂದೇ ಮಾತು ಹೇಳಿದರು. ಜೇಮ್ಸ್ ರಾಜ ಬೇಕಾದರೆ ಬರಲಿ, ಆದರೆ ಒಂದು ಸಾಲಿನ ಜೊತೆಗೆ ಬರಲಿ. ಮಾಟಗಾತಿಯರು ಮೊದಲ ದೃಶ್ಯದಲ್ಲೇ ಬರುವುದನ್ನು ಅಂದಿನ ಪ್ರೇಕ್ಷಕರು ಯಾಕೆ ನಗುತ್ತಾ ನೋಡುವ ಹಾಗಿರಲಿಲ್ಲ ಅಂತ ಹೇಳುವಾಗ ರಾಜನ ಪುಸ್ತಕ ಬರಲಿ. ಅತಿಥಿಯಾಗಿ ಬಂದ ರಾಜನನ್ನು ಕೊಲ್ಲುವ ಜಾಗದಲ್ಲಿ 1605ರ ಸಂಚು ಬರಲಿ. ಬೇರೆ ಕಡೆ ಬೇಡ. ಇಷ್ಟು ಸರಳ.

ಈಗ ಕಂಪ್ಯೂಟರ್ ಅಂಕದ ಬಗ್ಗೆ. ಉತ್ತರವನ್ನು ಟೈಪ್ ಮಾಡಿ ಹಾಕಿದರೆ ಅರ್ಧ ನಿಮಿಷದಲ್ಲಿ ಅಂಕ ಮತ್ತು ಸಲಹೆ ಬರುತ್ತದೆ. ವ್ಯಾಕರಣಕ್ಕೆ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಕಾಲ ಬದಲಾಗಿದ್ದು, ಬಹುವಚನ ತಪ್ಪಿದ್ದು, ಸ್ಪೆಲಿಂಗ್, ಎಲ್ಲ ಹಿಡಿಯುತ್ತದೆ. ಸಾಹಿತ್ಯದ ಉತ್ತರಕ್ಕೆ ಮಾತ್ರ ಅದರ ಮಾತು ನಂಬಬೇಡಿ. ನಾನು ಬೇಕಂತಲೇ ಒಂದು ಪ್ಯಾರಾ ಬರೆದು ಹಾಕಿದೆ, ಮ್ಯಾಕ್‌ಬೆತ್ ಬ್ಯಾಂಕೋನನ್ನು ಊಟದ ಮೇಜಿನ ಮುಂದೆ ತನ್ನ ಕತ್ತಿಯಿಂದ ಕೊಲ್ಲುತ್ತಾನೆ ಅಂತ. ಬಲವಾದ ವಿಶ್ಲೇಷಣೆ, ಪಠ್ಯದ ಒಳ್ಳೆಯ ಅರಿವು ಅಂತ ಬಂತು. ನಾಟಕದಲ್ಲಿ ಊಟದ ಮೇಜಿಗೆ ಬರುವುದು ಬ್ಯಾಂಕೋನ ಪ್ರೇತ! ಮಗು ತಪ್ಪು ಬರೆದು ಹೊಗಳಿಕೆ ಪಡೆದರೆ ಆ ತಪ್ಪು ಪರೀಕ್ಷೆಯವರೆಗೂ ಹೋಗುತ್ತದೆ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸಿತು.

ಭಾಷೆಯ ಭಾಗಕ್ಕೆ ಬರುತ್ತೇನೆ, ಅಲ್ಲೂ ಟೀಚರ್ ತಿದ್ದಿದ್ದೇ ಉಪಯೋಗಕ್ಕೆ ಬಂತು. ಕನ್ನಡ ಮಾತಾಡುವ ಮನೆಯ ಮಕ್ಕಳು ಇಂಗ್ಲಿಷ್ ಬರೆಯುವಾಗ ಮಾಡುವ ಕೆಲವು ತಪ್ಪುಗಳು ಬೇರೆ ಮಕ್ಕಳ ತಪ್ಪುಗಳ ಹಾಗೆ ಇರುವುದಿಲ್ಲ. ಕೋರ್ಸ್‌ನ ವ್ಯಾಕರಣ ಪಾಠ ಎಲ್ಲರಿಗೂ ಒಂದೇ ಇದೆ, ಅದಕ್ಕೇ ಅದು ಇವಳಿಗೆ ನಾಟಲಿಲ್ಲ. ಉದಾಹರಣೆಗೆ ಅಲ್ಪವಿರಾಮ. ನಾವು "ಮಳೆ ಬಂತು, ಎಲ್ಲರೂ ಒಳಗೆ ಹೋದರು" ಅಂತ ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷ್‌ನಲ್ಲಿ ಎರಡು ಪೂರ್ತಿ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಜೋಡಿಸಿದರೆ ಪರೀಕ್ಷೆಯಲ್ಲಿ ಅದು ತಪ್ಪು. ಪೂರ್ಣವಿರಾಮ ಹಾಕಬೇಕು, ಇಲ್ಲವೇ ಅರ್ಧವಿರಾಮ, ಇಲ್ಲವೇ ನಡುವೆ ಜೋಡಿಸುವ ಪದ ಬೇಕು. ಮಗಳ ಒಂದು ಪುಟದಲ್ಲಿ ಇಂಥದ್ದು ಒಂಬತ್ತು ಇತ್ತು. ಇದು ನಮ್ಮ ಭಾಷೆಯ ಅಭ್ಯಾಸ ಅಂತ ಗೊತ್ತಾದ ಮೇಲೆ ಎರಡು ವಾರದಲ್ಲಿ ಹೋಯಿತು.

ಇನ್ನೊಂದು ‘ಎ’, ‘ದಿ’ ಅನ್ನುವ ಪದಗಳು. ನಮ್ಮಲ್ಲಿ ಅವು ಇಲ್ಲ. "ಹುಡುಗ ಬಂದ" ಅಂದರೆ ಯಾವ ಹುಡುಗ ಅಂತ ಮಾತಿನ ಸಂದರ್ಭದಿಂದ ಗೊತ್ತಾಗುತ್ತದೆ, ಬೇಕಾದರೆ "ಒಬ್ಬ ಹುಡುಗ", "ಆ ಹುಡುಗ" ಅನ್ನುತ್ತೇವೆ. ಆ "ಒಬ್ಬ", "ಆ" ಎಲ್ಲಿ ಬರಬಹುದೋ ಅಲ್ಲಿ ನಿಂತು ಯೋಚಿಸು ಅಂತ ಹೇಳಿಕೊಟ್ಟೆ. ನೂರಕ್ಕೆ ನೂರು ಸರಿ ಹೋಗುವುದಿಲ್ಲ, ಆದರೂ ನಿಂತು ಯೋಚಿಸುವ ಅಭ್ಯಾಸ ಬಂತು. ‘ಡಿಸ್ಕಸ್ ಅಬೌಟ್’ ಅಂತ ಬರೆಯುವುದು ಕೂಡ ಹೀಗೇ. "ಬಗ್ಗೆ ಚರ್ಚಿಸು" ಅನ್ನುವುದರಿಂದ ಆ ‘ಅಬೌಟ್’ ಬಂದು ಕೂರುತ್ತದೆ, ಇಂಗ್ಲಿಷ್‌ಗೆ ಅದು ಬೇಡ.

ಪತ್ರ ಬರೆಯುವುದರಲ್ಲಿ ಒಂದು ವಿಷಯ ನನಗೂ ಹೊಸದಾಗಿತ್ತು. ನಮಗೆ ಮರ್ಯಾದೆ ಇರುವುದು ‘ನೀವು’ನಲ್ಲಿ, ಕ್ರಿಯಾಪದದ ಕೊನೆಯಲ್ಲಿ. "ಬನ್ನಿ" ಅಂದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ‘ಯೂ’. ಹಾಗಾಗಿ ಗೆಳತಿಗೆ ಬರೆದ ಪತ್ರಕ್ಕೂ ಪ್ರಾಂಶುಪಾಲರಿಗೆ ಬರೆದ ಪತ್ರಕ್ಕೂ ಮಗಳ ಇಂಗ್ಲಿಷ್ ಒಂದೇ ಥರ ಇತ್ತು, ಮೇಲೆ ‘ಡಿಯರ್ ಸರ್’ ಅಂತ ಹಾಕಿದ್ದು ಬಿಟ್ಟರೆ. ಅಲ್ಲಿ ಮರ್ಯಾದೆ ‘ವುಡ್’, ‘ಕುಡ್’ಗಳಲ್ಲಿ ಇರುತ್ತದೆ, ಕೇಳುವುದನ್ನು ನೇರವಾಗಿ ಕೇಳದೆ ಸ್ವಲ್ಪ ಸುತ್ತಿ ಕೇಳುವುದರಲ್ಲಿ ಇರುತ್ತದೆ, ಸಂಕ್ಷಿಪ್ತ ರೂಪ ಬಿಟ್ಟು ಪದವನ್ನು ಪೂರ್ತಿ ಬರೆಯುವುದರಲ್ಲಿ ಇರುತ್ತದೆ. ಯಾರಿಗೆ ಬರೆಯುತ್ತಿದ್ದೀಯ ಅನ್ನುವುದು ಪ್ರತಿ ವಾಕ್ಯದಲ್ಲೂ ಕಾಣಬೇಕು ಅಂತ ಮೇಡಂ ಬರೆದಿದ್ದರು. ಇದನ್ನು ವಿಡಿಯೊದಲ್ಲಿ ಪತ್ರದ ನಮೂನೆ ತೋರಿಸಿ, ವಿಳಾಸ ಎಡಕ್ಕೋ ಬಲಕ್ಕೋ ಅಂತ ಹೇಳಿ ಮುಗಿಸಿದ್ದಾರೆ.

ಸಾರಾಂಶ ಬರೆಯುವ ಪ್ರಶ್ನೆಗೆ ಕೋರ್ಸ್‌ನ ಅಭ್ಯಾಸ ಹಾಳೆಗಳು ಚೆನ್ನಾಗಿವೆ. ಮೂಲದ ಸಾಲುಗಳನ್ನೇ ಎತ್ತಿ ಬರೆಯುವ ಚಟ ಬಿಡಿಸಲು ಅವರು ಒಂದು ಉಪಾಯ ಮಾಡಿದ್ದಾರೆ: ಗದ್ಯ ಓದಿ, ಅಂಶಗಳನ್ನು ಮೂರು ನಾಲ್ಕು ಪದಗಳಲ್ಲಿ ಬರೆದುಕೊಂಡ ಮೇಲೆ ಗದ್ಯ ಪರದೆಯಿಂದ ಮಾಯವಾಗುತ್ತದೆ. ಆಮೇಲೆ ಬರೆಯಬೇಕು. ತುಂಬಾ ಇಷ್ಟವಾಯಿತು. ಮನೆಯಲ್ಲಿ ಪುಸ್ತಕ ಮುಚ್ಚಿ ಕೂಡ ಮಾಡಬಹುದು, ಕೋರ್ಸೇ ಬೇಕು ಅಂತಿಲ್ಲ.

ಪದ್ಯ ಮತ್ತು ಛಂದಸ್ಸಿನ ಪಾಠ ಬಹಳ ದುರ್ಬಲ. ಶೇಕ್ಸ್‌ಪಿಯರ್‌ನ ಒಂದು ಸಾಲಿಗೆ ಐದು ಗಣ, ಹತ್ತು ಉಚ್ಚಾರಾಂಶ, ಸಣ್ಣದು ದೊಡ್ಡದು, ಅಂತ ಒಂದು ವಿಡಿಯೊದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ಮಗಳಿಗೆ ಶಾಲೆಯಲ್ಲಿ ಲಘು ಗುರು ಹಾಕಿ ಗೊತ್ತಿತ್ತು. ಅದರ ಮೇಲೇ ನಾನು ಹೇಳಿಕೊಡಲು ಹೋದೆ: ಒಂದು ಲಘು ಒಂದು ಗುರು, ಹೀಗೆ ಐದು ಸಲ. ಅರ್ಧ ದಾರಿ ಚೆನ್ನಾಗಿ ಹೋಯಿತು. ಆಮೇಲೆ ಎಡವಿದೆವು. ನಮ್ಮ ಗುರು ಅಂದರೆ ಎರಡು ಮಾತ್ರೆ, ಅಂದರೆ ಉಚ್ಚರಿಸಲು ಹಿಡಿಯುವ ಹೊತ್ತು. ದೀರ್ಘ ಇದ್ದರೆ, ಮುಂದೆ ಒತ್ತಕ್ಷರ ಇದ್ದರೆ ಗುರು. ಇಂಗ್ಲಿಷ್‌ನ ಲೆಕ್ಕ ಹೊತ್ತಿನದಲ್ಲ, ದನಿಯ ಒತ್ತಿನದು. ಅವಳು ಸ್ವರ ಉದ್ದ ಇದ್ದ ಕಡೆಯೆಲ್ಲ ಗುರು ಹಾಕುತ್ತಾ ಹೋದಳು, ಒಂದು ಸಾಲೂ ಕೂಡಿ ಬರಲಿಲ್ಲ. ಕೊನೆಗೆ ‘ರೆಕಾರ್ಡ್’ ಪದ ಹಿಡಿದು ಬಿಡಿಸಿದೆವು. ಅದು ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೇ ಭಾಗಕ್ಕೆ. ‘ಪ್ರೆಸೆಂಟ್’ ಕೂಡ ಹಾಗೇ. ಎರಡನ್ನೂ ಜೋರಾಗಿ ಹೇಳುತ್ತಾ ಮೇಜು ಕುಟ್ಟಿದರೆ ಕಿವಿಗೆ ಸಿಕ್ಕಿತು. ಮಾಟಗಾತಿಯರ ಸಾಲನ್ನು ಹಾಗೇ ಕುಟ್ಟಿ ನೋಡಿದಳು: ನಾಲ್ಕೇ ಪೆಟ್ಟು, ಅದೂ ಜೋರು ಪೆಟ್ಟು ಮೊದಲು. ಮನುಷ್ಯರ ಮಾತಿನ ನಡಿಗೆಗೆ ಪೂರ್ತಿ ತಿರುಗಾಮುರುಗಾ. ಅವರು ಈ ಲೋಕದವರಲ್ಲ ಅಂತ ಕಿವಿಗೇ ಹೇಳುವ ಉಪಾಯ ಅದು. ಇಂಥ ಒಂದು ಅರ್ಧ ಗಂಟೆಯನ್ನು ಯಾವ ಕೋರ್ಸೂ ಕೊಡಲಿಲ್ಲ, ಬೇಜಾರಿನ ವಿಷಯ ಅದು.

ಪ್ರಾಸವಿಲ್ಲದ ಸಾಲಿಗೆ ನಮ್ಮ ಸರಳ ರಗಳೆ, ಸಾಲಿನ ನಡುವಿನ ನಿಲುಗಡೆಗೆ ಯತಿ, ಉಪಮೆ, ರೂಪಕ, ಇವೆಲ್ಲ ಕನ್ನಡ ಪಾಠದಲ್ಲಿ ಅವಳು ಕಲಿತದ್ದೇ. ಇಂಗ್ಲಿಷ್ ಪದ್ಯ ಬಂದ ಕೂಡಲೇ ಎಲ್ಲ ಹೊಸದು ಅಂತ ಹೆದರುತ್ತಿದ್ದಳು. ಗೊತ್ತಿರುವುದನ್ನು ಜೊತೆಗೆ ತೆಗೆದುಕೊಂಡು ಹೋಗಲು ಮಕ್ಕಳಿಗೆ ಹೇಳಿ. ಆದರೆ ಉಪಮೆ ಇದೆ ಅಂತ ಗುರುತಿಸಿ ನಿಲ್ಲಿಸಿದರೆ ಅಂಕ ಇಲ್ಲ. ಕನ್ನಡದಲ್ಲಿ ಲಕ್ಷಣ ಬರೆದು ಸಮನ್ವಯ ಮಾಡು ಅನ್ನುತ್ತಾರಲ್ಲ, ಇಲ್ಲಿ ಬೇಕಾದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಆ ಹೋಲಿಕೆ ಇಲ್ಲದಿದ್ದರೆ ಈ ಸಾಲಿನಿಂದ ಏನು ಹೋಗುತ್ತಿತ್ತು?

ನೆನಪಿನ ಕಾರ್ಡ್‌ಗಳು ಪರವಾಗಿಲ್ಲ. ಇಂದು ನೋಡಿದ್ದನ್ನು ನಾಳೆ, ಆಮೇಲೆ ನಾಲ್ಕು ದಿನಕ್ಕೆ, ಆಮೇಲೆ ಹತ್ತು ದಿನಕ್ಕೆ ಕೇಳುತ್ತದೆ. ಕಲಿತದ್ದು ಮೊದಲ ಗಂಟೆಗಳಲ್ಲೇ ಬೇಗ ಬೇಗ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ ಎಬ್ಬಿಂಗ್‌ಹಾಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿದ್ದ. ಈ ಕಾರ್ಡ್‌ಗಳ ತಳಪಾಯ ಅದೇ. ಆತ ನೆನಪಿಟ್ಟದ್ದು ಅರ್ಥವಿಲ್ಲದ ಸಣ್ಣ ಸಣ್ಣ ಶಬ್ದಗಳನ್ನು. ನಾಟಕದ ಸಾಲು ಹಾಗಲ್ಲ, ಯಾರು, ಯಾವಾಗ, ಯಾರಿಗೆ ಹೇಳಿದರು ಅಂತ ಗೊತ್ತಿದ್ದರೆ ಅದು ತಾನಾಗಿ ಉಳಿಯುತ್ತದೆ. ಕೋರ್ಸ್ ಕೊಟ್ಟ ಕಾರ್ಡ್‌ಗಳಲ್ಲಿ ಉದ್ದುದ್ದ ಸಾಲುಗಳಿದ್ದವು. ಮಗಳು ಅವನ್ನು ಬಿಟ್ಟು ತಾನೇ ಮೂರು ನಾಲ್ಕು ಪದಗಳ ತುಂಡುಗಳನ್ನು ಆರಿಸಿ ಕಾರ್ಡ್ ಮಾಡಿಕೊಂಡಳು. ಹಿಂದುಗಡೆ "ಈ ಪದವೇ ಯಾಕೆ" ಅನ್ನುವುದಕ್ಕೆ ಒಂದು ಸಾಲು. ಮೂವತ್ತು ಕಾರ್ಡ್ ಸಾಕಾಯಿತು ಇಡೀ ನಾಟಕಕ್ಕೆ.

ದೂರು ಇರುವುದು ಸೇವೆಯ ವೇಗದ ಬಗ್ಗೆ. ಮೊದಲು ಎರಡು ಮೂರು ದಿನಕ್ಕೆ ಬರುತ್ತಿದ್ದ ಹಾಳೆ ಪರೀಕ್ಷೆ ಹತ್ತಿರ ಬಂದಂತೆ ಒಂಬತ್ತು ದಿನ ಹಿಡಿಯಿತು. ಎಲ್ಲರೂ ಆಗಲೇ ಕಳಿಸುತ್ತಾರೆ, ಅರ್ಥವಾಗುತ್ತದೆ. ಆದರೆ ಸೇರುವಾಗ ಮೂರು ದಿನ ಅಂತ ಮಾತು ಕೊಟ್ಟಿದ್ದರು. ಕೊನೆಯ ಒಂದು ಉತ್ತರ ಪರೀಕ್ಷೆ ಮುಗಿದ ಮರುದಿನ ತಿದ್ದಿ ಬಂತು, ಅದನ್ನು ಇಟ್ಟುಕೊಂಡು ಏನು ಮಾಡುವುದು? ಇನ್ನೊಂದು, ನಮ್ಮ ಮೇಡಂ ರಜೆಯಲ್ಲಿದ್ದಾಗ ಬಂದ ಬೇರೆಯವರು "ಚೆನ್ನಾಗಿದೆ, ಇನ್ನೂ ಆಳಕ್ಕೆ ಹೋಗು" ಅಂತ ಒಂದೇ ಸಾಲು ಬರೆದು ಕಳಿಸಿದರು. ಆಳಕ್ಕೆ ಅಂದರೆ ಎಲ್ಲಿಗೆ? ಅದೇ ಹಣ, ಅದೇ ಸೇವೆ, ಯಾರು ಸಿಗುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಸೇರುವ ಮೊದಲು ಒಂದು ಉತ್ತರ ಕಳಿಸಿ, ತಿದ್ದಿದ ಹಾಳೆ ನೋಡಿ ಆಮೇಲೆ ತೀರ್ಮಾನ ಮಾಡಿ. ಪುಟದ ಅಂಚಿನಲ್ಲಿ ಪ್ರಶ್ನೆಗಳಿದ್ದರೆ ಸೇರಿ. ಕೊನೆಯಲ್ಲಿ ಹೊಗಳಿಕೆ ಮಾತ್ರ ಇದ್ದರೆ ಬೇಡ.

ಕೈಬರಹದ ಬಗ್ಗೆ ಒಂದು ಮಾತು. ಕೋರ್ಸ್ ಟೈಪ್ ಮಾಡಲು ತುಂಬಾ ಒತ್ತಾಯ ಮಾಡುತ್ತದೆ, ಕಂಪ್ಯೂಟರ್ ಅಂಕಕ್ಕೆ ಅದು ಬೇಕು. ಪರೀಕ್ಷೆ ಪೆನ್ನಿನಲ್ಲಿ ಬರೆಯುವುದಾದರೆ ಅಭ್ಯಾಸವೂ ಪೆನ್ನಿನಲ್ಲೇ ಇರಲಿ. ಮಗಳಿಗೆ ಟೈಪ್ ಮಾಡುವಾಗ ನಲವತ್ತೈದು ನಿಮಿಷಕ್ಕೆ ಐದು ಪ್ಯಾರಾ ಬರುತ್ತಿತ್ತು, ಕೈಯಲ್ಲಿ ಬರೆದಾಗ ಮೂರೂವರೆ. ಅದು ಗೊತ್ತಾದದ್ದು ಎರಡು ತಿಂಗಳು ಇರುವಾಗ. ಆಮೇಲೆ ಪ್ರತಿ ಶನಿವಾರ ಹಳೆಯ ಪ್ರಶ್ನೆಪತ್ರಿಕೆ ಇಟ್ಟು, ಗಡಿಯಾರ ಇಟ್ಟು ಬರೆಸಿದೆ. ಮೊದಲ ಐದು ನಿಮಿಷ ಬರೀ ಯೋಚನೆ, ಪೆನ್ನು ಮುಟ್ಟುವ ಹಾಗಿಲ್ಲ. ಆ ಐದು ನಿಮಿಷ ದಂಡ ಅಂತ ಅವಳಿಗೆ ಅನ್ನಿಸುತ್ತಿತ್ತು. ನಾಲ್ಕನೇ ಶನಿವಾರ ಅವಳೇ ಅದನ್ನು ಏಳು ನಿಮಿಷ ಮಾಡಿಕೊಂಡಳು.

ಹಳೆಯ ಪ್ರಶ್ನೆಪತ್ರಿಕೆ, ಮಾರ್ಕಿಂಗ್ ಸ್ಕೀಮ್, ಪರೀಕ್ಷಕರು ಬರೆಯುವ ವರದಿ, ಇವನ್ನು ಬಹಳ ಪರೀಕ್ಷಾ ಮಂಡಳಿಗಳು ತಮ್ಮ ಜಾಲತಾಣದಲ್ಲೇ ಹಾಕುತ್ತವೆ. ನಮ್ಮ ಕೋರ್ಸ್ ಅವನ್ನೇ ಬಣ್ಣ ಹಚ್ಚಿ ದೊಡ್ಡ ಸಂಗ್ರಹ ಅಂತ ಮಾರುತ್ತಿತ್ತು. ಅದಕ್ಕೆ ಹಣ ಕೊಡುವ ಮೊದಲು ಮಂಡಳಿಯ ತಾಣ ನೋಡಿ. ಪರೀಕ್ಷಕರ ವರದಿಯಂತೂ ಓದಲೇಬೇಕು. ಮಕ್ಕಳು ಎಲ್ಲಿ ಅಂಕ ಕಳೆದುಕೊಂಡರು ಅಂತ ಅವರೇ ನೇರವಾಗಿ ಬರೆದಿರುತ್ತಾರೆ. ಮಗಳಿಗೆ ಓದಲು ಬೋರ್ ಆಯಿತು, ನಾನೇ ಓದಿ ಮುಖ್ಯವಾದ ಜಾಗ ತೋರಿಸಿದೆ.

ಚಿಕ್ಕವನು ಎರಡು ವರ್ಷದಲ್ಲಿ ಇದೇ ಪರೀಕ್ಷೆಗೆ ಬರುತ್ತಾನೆ. ಅವನಿಗೆ ಪೂರ್ತಿ ಕೋರ್ಸ್ ತೆಗೆದುಕೊಳ್ಳುವುದಿಲ್ಲ. ಟೀಚರ್ ತಿದ್ದುವ ಸೇವೆ ಮಾತ್ರ ಬೇರೆಯಾಗಿ ಸಿಗುತ್ತದೆ, ಅದನ್ನು ತೆಗೆದುಕೊಳ್ಳುತ್ತೇನೆ. ಪರೀಕ್ಷೆಗೆ ಮೂರು ತಿಂಗಳು ಮೊದಲೇ ಹೆಚ್ಚಿನ ಉತ್ತರಗಳನ್ನು ಕಳಿಸಿ ಮುಗಿಸುತ್ತೇನೆ, ಅದೇ ಮೇಡಂ ಬೇಕು ಅಂತ ಮೊದಲೇ ಕೇಳುತ್ತೇನೆ. ವಿಡಿಯೊ ಬೇಕು ಅಂತ ಅವನು ಈಗಲೇ ಹಠ ಮಾಡುತ್ತಿದ್ದಾನೆ. ನಾಟಕವನ್ನು ಒಂದು ಸಲ ಪೂರ್ತಿ ಓದಿದ ಮೇಲೆ ನೋಡು ಅಂದಿದ್ದೇನೆ. ಅಕ್ಕನ ಪುಸ್ತಕ ಅವನ ಮೇಜಿಗೆ ಬಂದಿದೆ. ಅಂಚಿನ ತುಂಬ ಪೆನ್ಸಿಲ್ ಗುರುತುಗಳಿವೆ. ಅವನು ತನ್ನದೇ ಗುರುತು ಹಾಕಿಕೊಳ್ಳಲಿ ಅಂತ ಅವಳು ನಿನ್ನೆ ಕೂತು ಎಲ್ಲ ಅಳಿಸುತ್ತಿದ್ದಳು.